ಮೊದಲು ಪ್ಲಗ್ಗು, ಆಮೇಲೆ ಪ್ರಾಣ

ನಮ್ಮ ನಿವೃತ್ತರ ಸಂಘದವರು ನೆನಪಿನ ಸಂಚಿಕೆ ತರುತ್ತಾರಂತೆ. ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳಿಗೆ ಉಪಯೋಗವಾಗುವಂತೆ ಅನುಭವ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಮನೆಗೇ ಬಂದು ಕೇಳಿದರು. ನಾನು ಮಾಡುತ್ತಿದ್ದದ್ದು ಟೆಲಿಫೋನ್ ಆಪರೇಟರ್ ಕೆಲಸ. ಆ ಬೋರ್ಡು, ಆ ಪ್ಲಗ್ಗು, ಆ ಕುರ್ಚಿ ಯಾವುದೂ ಈಗ ಇಲ್ಲ. ಆ ಕೆಲಸಕ್ಕೆ ಇನ್ನು ಯಾವ ಮಗುವೂ ಸೇರುವುದಿಲ್ಲ. ಹಾಗೆಂದು ಹೇಳಿದ್ದಕ್ಕೆ ಅವರು, "ಇರ್ಲಿ ಬರೀರಿ ಮೇಡಂ, ಪುಟ ತುಂಬ್ಬೇಕು" ಎಂದರು. ಅಷ್ಟು ನೇರವಾಗಿ ಕೇಳಿದವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಇನ್ನೊಂದು ಕಾರಣವೂ ಇದೆ. ಹೊಸಕೋಟೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಾಳೆ. ಒಂದು ಭಾನುವಾರ ಮುಖ ಸಪ್ಪೆ ಮಾಡಿಕೊಂಡು ಕೆಳಗಿಳಿದು ಬಂದಳು. ಏನಮ್ಮಾ ಎಂದು ಕೇಳಿದರೆ, ಅವಳ ಪ್ರೋಗ್ರಾಂ ನಿಂತುಹೋಗಿದೆಯಂತೆ. ಒಂದೇ ಪ್ರೋಗ್ರಾಮಿನೊಳಗೆ ಹತ್ತಾರು ಕೆಲಸಗಳು ಒಟ್ಟಿಗೆ ಓಡುತ್ತವಂತೆ, ಒಂದೊಂದಕ್ಕೂ ಥ್ರೆಡ್ ಎಂದು ಹೆಸರಂತೆ. ಒಂದು ಸಾಮಾನನ್ನು ಒಬ್ಬರೇ ಮುಟ್ಟಬೇಕಾದ ಕಡೆ ಒಂದು ಥ್ರೆಡ್ಡು ಬೀಗ ಹಾಕಿಕೊಂಡು ಕೆಲಸ ಮಾಡುತ್ತದಂತೆ. ನಡುವೆ ಏನಾದರೂ ದೊಡ್ಡ ಎಡವಟ್ಟಾಗಿ ಅದು ಸತ್ತುಹೋದರೆ ಬೀಗ ತೆಗೆಯುವವರೇ ಇಲ್ಲ, ಮಿಕ್ಕವೆಲ್ಲ ಬಾಗಿಲಲ್ಲಿ ಕಾಯುತ್ತಾ ನಿಂತುಬಿಡುತ್ತವಂತೆ. "ಇದೆಲ್ಲಾ ಹೊಸಾ ತೊಂದ್ರೆ ಅಜ್ಜಿ, ನಿಮಗೆ ಅರ್ಥ ಆಗಲ್ಲ" ಎಂದಳು. ನನಗೆ ರೇಗಿಹೋಯಿತು. ಕೂರಿಸಿಕೊಂಡು ಹೆಜ್ಜೇನಿನ ಕಥೆ ಹೇಳಿದೆ. ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಗೆ ಯಾವ ಶಾಲು ಹೊದಿಸಿದರು ಎಂಬುದನ್ನೆಲ್ಲ ಬೇರೆಯವರು ಬರೆಯಲಿ.

ನಮ್ಮದು ಸಮೇತನಹಳ್ಳಿ ಕಡೆಯ ಒಕ್ಕಲು ಮನೆ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಟೆಂಪರರಿ ಆಪರೇಟರ್ ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಕೊನೆಗೆ. ಅಪ್ಪ ಕಳಿಸುವಾಗಲೇ ಒಂದು ಷರತ್ತು ಹಾಕಿದ್ದರು. ವರ್ಷ ತುಂಬುವುದರೊಳಗೆ ಕೆಲಸ ಖಾಯಂ ಆದರೆ ಸರಿ, ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬಂದು ಸೋದರಮಾವನನ್ನು ಮದುವೆಯಾಗಬೇಕು. ಮಾವ ಕೆಟ್ಟವನಲ್ಲ. ಆದರೆ ಅವನಿಗೆ ಎತ್ತುಗಳ ವಿಚಾರ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ, ಎತ್ತುಗಳ ವಿಚಾರ ಶುರುವಾದರೆ ನಿಲ್ಲುತ್ತಿರಲಿಲ್ಲ. ಯಾವ ಎತ್ತಿಗೆ ಯಾವ ಸುಳಿ, ಯಾವ ಸುಳಿಯಿಂದ ಯಾರ ಮನೆ ಹಾಳಾಯಿತು ಎಂದು ಹೇಳುತ್ತಾ ಅವನು ನನ್ನ ಮುಖವನ್ನೂ ಅದೇ ರೀತಿ ನೋಡುತ್ತಿದ್ದ. ಹಾಗಾಗಿ ಆ ಕೆಲಸ ಖಾಯಂ ಆಗುವುದು ನನಗೆ ಬರೀ ಕೆಲಸದ ಪ್ರಶ್ನೆಯಾಗಿರಲಿಲ್ಲ.

ನನ್ನನ್ನು ಹಾಕಿದ್ದು ದೇವನಹಳ್ಳಿಗೂ ದೊಡ್ಡಬಳ್ಳಾಪುರಕ್ಕೂ ನಡುವಿನ ಒಂದು ಸಣ್ಣ ಎಕ್ಸ್‌ಚೇಂಜಿಗೆ. ನಿಜವಾದ ಹೆಸರು ಬರೆದರೆ ಅಲ್ಲಿನವರ ಮೊಮ್ಮಕ್ಕಳು ಜಗಳಕ್ಕೆ ಬಂದಾರು, ಹಳೇಪೇಟೆ ಎಂದಿಟ್ಟುಕೊಳ್ಳಿ. ಪಕ್ಕದ ಎಕ್ಸ್‌ಚೇಂಜಿಗೆ ಹೊಸಪಾಳ್ಯ ಎನ್ನೋಣ. ನಮ್ಮದು ಹೆಂಚಿನ ಮನೆ, ಒಂದೇ ಕೋಣೆ. ಒಂದು ಗೋಡೆಗೆ ಬೋರ್ಡು, ಮೂಲೆಯಲ್ಲಿ ಸೂಪರ್‌ವೈಸರ್ ಬಂದರೆ ಕೂರಲು ಒಂದು ಕುರ್ಚಿ, ಮೇಜು, ಮೇಜಿನ ಮೇಲೊಂದು ಫೋನು, ಕಿಟಕಿಯಾಚೆ ಹುಣಸೆಮರ, ಹಿಂದೆ ಹಿಪ್ಪುನೇರಳೆ ತೋಟ. ಊರಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನಲ್ಲಿ ಅವರ ನಂಬರಿನ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾನು ಒಂದು ಪ್ಲಗ್ಗನ್ನು ಅವರ ತೂತಿಗೆ ಸಿಕ್ಕಿಸಿ ಯಾರು ಬೇಕು ಎಂದು ಕೇಳಿ, ಜೋಡಿ ಪ್ಲಗ್ಗನ್ನು ಬೇಕಾದವರ ತೂತಿಗೆ ಸಿಕ್ಕಿಸಬೇಕು. ಮಾತು ಮುಗಿದ ಮೇಲೆ ಎರಡನ್ನೂ ಕೀಳಬೇಕು. ಹಾಕುವವಳೂ ನಾನೇ, ಕೀಳುವವಳೂ ನಾನೇ. ನಾನು ಕೀಳದಿದ್ದರೆ ಆ ಲೈನು ಯಾರಿಗೂ ಇಲ್ಲ. ಇಷ್ಟು ಅರ್ಥವಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಹಳೇಪೇಟೆಯಿಂದ ಹೊಸಪಾಳ್ಯಕ್ಕೆ ಇದ್ದದ್ದು ಒಂದೇ ಲೈನು. ಹೊಸಪಾಳ್ಯದಿಂದ ಬೆಂಗಳೂರಿಗೂ ಒಂದೇ. ನಮ್ಮೂರಿನವರು ಬೆಂಗಳೂರಿನ ಜೊತೆ ಮಾತಾಡಬೇಕಾದರೆ ಎರಡೂ ಲೈನು ಒಟ್ಟಿಗೆ ಸಿಗಬೇಕು. ಬೆಂಗಳೂರಿನವರು ನಮ್ಮೂರಿಗೆ ಮಾತಾಡಬೇಕಾದರೂ ಅವೇ ಎರಡು ಬೇಕು. ನಡುವೆ ಹೊಸಪಾಳ್ಯದಲ್ಲಿ ನಾಗರತ್ನ ಎಂಬ ಆಪರೇಟರ್ ಕೂತಿದ್ದಳು. ಅವಳ ಮುಖವನ್ನು ನಾನು ಆಗ ನೋಡಿರಲಿಲ್ಲ, ಧ್ವನಿ ಮಾತ್ರ ಗೊತ್ತಿತ್ತು. ಅವಳು ಹಲೋ ಎಂದರೆ ಕೇಳಿದವರಿಗೆ ತಾವೇ ಏನೋ ತಪ್ಪು ಮಾಡಿದ್ದೇವೆ ಅನ್ನಿಸುತ್ತಿತ್ತು. ನನ್ನ ಹಲೋ ಕೂಡ ಹಾಗೇ ಇತ್ತೆಂದು ಅವಳು ಮುಂದೆ ಹೇಳಿದಳು, ಇರಬಹುದು.

ಮೊದಲ ಜಗಳ ನಂಜುಂಡಶೆಟ್ಟರ ಕರೆಯಿಂದ ಆಯಿತು. ಶೆಟ್ಟರು ನಮ್ಮೂರಿನ ರೇಷ್ಮೆ ನೂಲಿನ ವ್ಯಾಪಾರಿ. ಬೆಂಗಳೂರಿನ ಧಾರಣೆ ಕೇಳಿಕೊಂಡೇ ಮಾಲು ಬಿಡುತ್ತಿದ್ದರು. ಬೆಳಿಗ್ಗೆ ಅವರ ಕರೆಗೆಂದು ನಾನು ಹೊಸಪಾಳ್ಯದ ಲೈನು ಹಿಡಿದು ನಾಗರತ್ನಳಿಗೆ ಬೆಂಗಳೂರು ಕೊಡು ಎಂದೆ. ಅವಳು ಅಷ್ಟರಲ್ಲಾಗಲೇ ಬೆಂಗಳೂರು ಲೈನಿನಲ್ಲಿ ಯಾರನ್ನೋ ಹಿಡಿದಿಟ್ಟುಕೊಂಡಿದ್ದಳು. ಅವರಿಗೆ ಬೇಕಾಗಿದ್ದದ್ದು ನಮ್ಮೂರಿನ ನೂಲಿನ ಮಿಲ್ಲು. ಅಂದರೆ ಅವಳಿಗೆ ನಾನು ಹಿಡಿದ ಲೈನು ಬೇಕು, ನನಗೆ ಅವಳು ಹಿಡಿದ ಲೈನು ಬೇಕು. ನೀನು ಬಿಡು ಎಂದಳು. ನೀನು ಬಿಡು ಎಂದೆ. ಮೊದಲು ಬುಕ್ ಮಾಡಿದವರಿಗೆ ಮೊದಲು ಎಂದು ಒಂದು ರೂಲು, ಹೊರಗಿನಿಂದ ಬಂದ ಕರೆಗೆ ಮೊದಲು ಎಂದು ಇನ್ನೊಂದು ರೂಲು, ಎರಡೂ ಒಂದೇ ಪುಸ್ತಕದಲ್ಲಿದ್ದವು. ಇಬ್ಬರೂ ರೂಲು ಹೇಳಿ ಮುಗಿಸಿದ ಮೇಲೆ ಮಾತು ನಿಲ್ಲಿಸಿದೆವು. ಪ್ಲಗ್ಗು ಮಾತ್ರ ಯಾರೂ ಕೀಳಲಿಲ್ಲ.

ಮಧ್ಯಾಹ್ನವಾಯಿತು. ನಾನು ಹೆಡ್‌ಫೋನು ಹಾಕಿಕೊಂಡೇ ಚಿತ್ರಾನ್ನ ತಿಂದೆ. ಅವಳು ಆ ಕಡೆ ಸೌತೆಕಾಯಿ ಕಡಿಯುವ ಸದ್ದು ಕಿವಿಯೊಳಗೇ ಕೇಳಿಸುತ್ತಿತ್ತು. ಬೇಕೆಂದೇ ಜೋರಾಗಿ ಕಡಿಯುತ್ತಿದ್ದಾಳೆ ಎಂದು ನನಗೆ ಅನುಮಾನ. ಶೆಟ್ಟರು ಎರಡು ಸಲ ಬಾಗಿಲಿಗೆ ಬಂದು ಬೆಂಗಳೂರು ಎಲ್ಲಿಗೆ ಹೋಯಿತು ಎಂದು ವಿಚಾರಿಸಿದರು. ಮೂರನೆಯ ಸಲ ಬರಲಿಲ್ಲ. ಬಸ್ಸು ಹತ್ತಿ ಬೆಂಗಳೂರಿಗೇ ಹೋಗಿ, ಧಾರಣೆ ಕೇಳಿಕೊಂಡು, ಸಂಜೆ ವಾಪಸ್ ಬಂದು ನಮ್ಮ ಕಿಟಕಿಯಲ್ಲಿ ಇಣುಕಿದರು. ಪ್ಲಗ್ಗು ಹಾಗೇ ಇತ್ತು. ಅವರು ನೇರ ಮನೆಗೆ ಹೋಗಿ ಇಲಾಖೆಗೆ ದೂರು ಬರೆದರು.

ದೂರಿನ ಹಿಂದೆಯೇ ವರದರಾಜಯ್ಯನವರು ಬಂದರು. ಆ ಸುತ್ತಿನ ಎಕ್ಸ್‌ಚೇಂಜುಗಳಿಗೆಲ್ಲ ಅವರೇ ಸೂಪರ್‌ವೈಸರ್. ನನ್ನ ಖಾಯಂ ಆಗುವ ವಿಚಾರ ಇದ್ದದ್ದೂ ಅವರ ಕೈಯಲ್ಲೇ. ಕುತ್ತಿಗೆವರೆಗೂ ಗುಂಡಿ ಹಾಕಿದ ಕೋಟು, ಯಾವ ಕಾಲದಲ್ಲೂ ಕೈಯಲ್ಲೊಂದು ಛತ್ರಿ. ಅವರು ಕೂಗಾಡುವ ಜನವಲ್ಲ. ಮೆಲ್ಲಗೆ, ನೋಯುವ ಜಾಗ ನೋಡಿ ಮಾತಾಡುತ್ತಿದ್ದರು. "ಓದಿದ ಹೆಣ್ಣುಮಗಳು ಅಂತ ಕೆಲ್ಸ ಕೊಟ್ರೆ ನೀನು ಹೋರಿ ಥರ ಕಾಲೂರಿ ನಿಂತ್ಕೊಂಡಿದೀಯಲ್ಲಮ್ಮಾ" ಎಂದರು. ಎತ್ತುಗಳ ಮಾತಿನಿಂದ ತಪ್ಪಿಸಿಕೊಳ್ಳಲು ಬಂದವಳಿಗೆ ಇಲ್ಲೂ ಅದೇ ಗತಿಯಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ನಾನೊಬ್ಬಳೇ ಅಲ್ಲ ಸಾರ್, ಅವಳೂ ಬಿಡಲಿಲ್ಲ ಎಂದೆ. ಅವಳಿಗೂ ಇದೇ ಹೇಳಿ ಬಂದಿದೀನಿ ಎಂದರು. ಅದರಿಂದ ಸ್ವಲ್ಪ ಸಮಾಧಾನವಾಯಿತು.

ಬೈದು ಮುಗಿಸಿ ಅವರು ಮೇಜಿನ ಮುಂದೆ ಕೂತು ಬಹಳ ಹೊತ್ತು ಯೋಚಿಸಿದರು. ಆಮೇಲೆ ಒಂದು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಬೋರ್ಡಿನ ಪಕ್ಕ ನೇತುಹಾಕಿದರು. ಯಾವ ಕಡೆಯ ಕರೆಯಾದರೂ ಮೊದಲು ಬೆಂಗಳೂರು ಲೈನು, ಅದು ಸಿಕ್ಕಿದ ಮೇಲೆ ಹಳೇಪೇಟೆ ಲೈನು. ಹಳೇಪೇಟೆಯವರು ಕೇಳಿದಾಗ ಬೆಂಗಳೂರು ಸಿಗದಿದ್ದರೆ, ಯಾರ ಕರೆಯೆಂದು ಹೇಳಿ ತಕ್ಷಣ ಪ್ಲಗ್ಗು ಕಿತ್ತು ಬಿಡಬೇಕು. ಸಿಕ್ಕಾಗ ನಾಗರತ್ನಳೇ ವಾಪಸ್ ಕರೆಯುತ್ತಾಳೆ. ಒಂದನ್ನು ಹಿಡಿದುಕೊಂಡು ಇನ್ನೊಂದಕ್ಕೆ ಕಾಯುತ್ತಾ ಕೂರುವಂತಿಲ್ಲ. ಲೈನ್‌ಮನ್ ಪಿಳ್ಳಪ್ಪ ಅದನ್ನು ನನ್ನಿಂದ ಓದಿಸಿಕೊಂಡು, "ಯಾವತ್ತೂ ಬೆಂಗ್ಳೂರೇ ಮೊದ್ಲು ಬುಡಮ್ಮಣ್ಣಿ, ಇದ್ರಾಗೇನೈತೆ ಒಸ್ದು" ಎಂದ. ಆದರೆ ಅಂದಿನಿಂದ ಆ ಜಗಳ ಮತ್ತೆ ಆಗಲಿಲ್ಲ. ಇಬ್ಬರೂ ಒಂದೇ ಕಡೆಯಿಂದ ಹೊರಟರೆ ಎದುರುಬದುರಾಗುವುದೇ ಇಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ವರದರಾಜಯ್ಯನವರು ಮನುಷ್ಯರ ಹಟಕ್ಕೆ ಮದ್ದು ಬರೆದರೇ ಹೊರತು ಹೆಜ್ಜೇನಿಗೆ ಬರೆದಿರಲಿಲ್ಲ. ಕಿಟಕಿಯಾಚೆಯ ಹುಣಸೆಮರದಲ್ಲಿ ಒಂದು ದೊಡ್ಡ ಹುಟ್ಟು ಕಟ್ಟಿತ್ತು. ಶೆಟ್ಟರು ಬೆಂಗಳೂರಿನ ಜೊತೆ ಮಾತಾಡುತ್ತಿದ್ದಾಗ ಒಂದು ಹದ್ದು ಅದಕ್ಕೆ ಬಡಿಯಿತು. ಕಣ್ಣು ಮಿಟುಕಿಸುವುದರೊಳಗೆ ಕಿಟಕಿ ಕಪ್ಪಾಯಿತು. ನಾನು ಹೆಡ್‌ಫೋನು ಕಿತ್ತೆಸೆದು, ಸೆರಗು ತಲೆಗೆ ಸುತ್ತಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದೆ. ರಸ್ತೆಯಾಚೆಯ ಪೋಸ್ಟಾಫೀಸಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡ ಮೇಲೆ ಪ್ಲಗ್ಗಿನ ನೆನಪು ಬಂತು. ಎರಡು ಊರಿನ ಎರಡೂ ಲೈನು ನನ್ನ ಖಾಲಿ ಕುರ್ಚಿಯ ವಶದಲ್ಲಿದ್ದವು.

ಶೆಟ್ಟರು ಮಾತು ಮುಗಿಸಿ ಊಟಕ್ಕೆ ಕೂತಿದ್ದರು. ಬೆಂಗಳೂರಿನವರೂ ಫೋನಿಟ್ಟಿದ್ದರು. ಆದರೆ ಕರೆ ಮುಗಿಯಿತು ಎಂದು ಹೇಳಬೇಕಾದವಳು ನಾನು. ನಾನು ಹೇಳುವವರೆಗೆ ನಾಗರತ್ನ ಕೀಳುವಂತಿಲ್ಲ. ಹೊಸಪಾಳ್ಯಕ್ಕೆ ಫೋನು ಮಾಡಿ ಹೇಳೋಣವೆಂದರೆ ಪೋಸ್ಟಾಫೀಸಿನ ಫೋನು ಹೋಗುತ್ತಿದ್ದದ್ದು ನನ್ನ ಬೋರ್ಡಿನ ಮೂಲಕವೇ. ಊರಿನ ಯಾವ ಫೋನಾದರೂ ಅಷ್ಟೇ. ಹಿಡಿ ತಿರುಗಿಸಿದರೆ ಹೆಜ್ಜೇನುಗಳ ಮುಂದೆ ಒಂದು ಮುಚ್ಚಳ ಬೀಳುತ್ತಿತ್ತು. ಎಕ್ಸ್‌ಚೇಂಜು ಕೆಟ್ಟಿದೆ ಎಂಬ ಸುದ್ದಿ ಎಕ್ಸ್‌ಚೇಂಜಿನ ಮೂಲಕವೇ ಹೋಗಬೇಕಾಗಿತ್ತು. ಆ ಕಡೆ ನಾಗರತ್ನ ಲೈನಿಗೆ ಕಿವಿಕೊಟ್ಟರೆ, ನಾನು ಬಿಸಾಕಿದ್ದ ಹೆಡ್‌ಫೋನಿನಿಂದ ಬರೀ ಗುಂಯ್ ಎನ್ನುವ ಸದ್ದು. ನಾನು ಮತ್ತೆ ಜಗಳ ತೆಗೆದು, ಬಾಯಿ ಮುಚ್ಚಿಕೊಂಡು ರಾಗ ಎಳೆಯುತ್ತಾ ಅವಳನ್ನು ಅಣಕಿಸುತ್ತಿದ್ದೇನೆ ಎಂದು ತಿಳಿದುಕೊಂಡಳಂತೆ. ಅವಳೂ ಉಸಿರು ಇರುವಷ್ಟು ಹೊತ್ತು ರಾಗ ಎಳೆದಳಂತೆ.

ಕೊನೆಗೆ ಪಿಳ್ಳಪ್ಪನನ್ನು ಬಸ್ಸಿನಲ್ಲಿ ಹೊಸಪಾಳ್ಯಕ್ಕೆ ಓಡಿಸಿದೆ. ಅಷ್ಟರಲ್ಲಿ ನಾಗರತ್ನ ಅನುಮಾನ ಬಂದು ತನ್ನ ಲೈನ್‌ಮನ್ನನ್ನು ಬಸ್ಸಿನಲ್ಲಿ ಇಲ್ಲಿಗೆ ಓಡಿಸಿದ್ದಳು. ಎರಡು ಬಸ್ಸೂ ದಾರಿಯಲ್ಲಿ ಒಂದಕ್ಕೊಂದು ಹಾರನ್ ಹೊಡೆದುಕೊಂಡು ಹಾದುಹೋದವು. ಅಲ್ಲಿ ಪಿಳ್ಳಪ್ಪ ಹೇಳಿದ್ದನ್ನು ಕೇಳಿ ನಾಗರತ್ನ, ಬಾಯಿಮಾತಿಗೆ ಕೀಳಲಾಗುವುದಿಲ್ಲ, ನಿಮ್ಮ ಆಪರೇಟರೇ ಲೈನಿನಲ್ಲಿ ಬಂದು ಹೇಳಲಿ ಎಂದಳಂತೆ. ಲೈನಿನಲ್ಲಿ ಇದ್ದದ್ದು ಹೆಜ್ಜೇನು. ಇಲ್ಲಿ ಬಂದ ಅವಳ ಲೈನ್‌ಮನ್ ಒಳಗೆ ತಲೆ ಹಾಕಿ, ಮೂರು ಕಡೆ ಕಚ್ಚಿಸಿಕೊಂಡು ನಮ್ಮ ಜೊತೆ ಪೋಸ್ಟಾಫೀಸಿನಲ್ಲಿ ಕೂತ. ಹೊಗೆ ಹಾಕಿ ಒಳಗೆ ಹೋಗಿ ನಾನು ಪ್ಲಗ್ಗು ಕಿತ್ತಾಗ ಹೊತ್ತು ಇಳಿದಿತ್ತು. ಅಷ್ಟು ಹೊತ್ತೂ ಎರಡು ಊರಿನವರು ಬೆಂಗಳೂರು ಸತ್ತುಹೋಗಿದೆ ಎಂದೇ ತಿಳಿದಿದ್ದರು.

ಈ ಸಲ ವರದರಾಜಯ್ಯನವರು ನನ್ನನ್ನು ಬೈಯಲಿಲ್ಲ, ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಊದಿಕೊಂಡ ನನ್ನ ಕೆನ್ನೆ ನೋಡಿದರು. ರಟ್ಟಿನ ಮೇಲೆ ಎರಡನೆಯ ಸಾಲು ಬರೆದರು: ಏನೇ ಅನಾಹುತವಾದರೂ ಮೊದಲು ಪ್ಲಗ್ಗು, ಆಮೇಲೆ ಪ್ರಾಣ. "ಓಡ್ಬೇಡ ಅನ್ನಲ್ಲಮ್ಮಾ. ಓಡು. ಆದ್ರೆ ಹಿಡ್ಕೊಂಡಿರೋದನ್ನ ಬಿಟ್ಟು ಓಡು" ಎಂದರು. ಬೋರ್ಡು ಖಾಲಿ ಇದ್ದರೆ ಹೊಸಪಾಳ್ಯದವರು ಕರೆದು, ಉತ್ತರ ಬಾರದಿದ್ದರೆ ಇಲ್ಲಿ ಯಾರೂ ಇಲ್ಲವೆಂದು ತಿಳಿದು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಪ್ಲಗ್ಗು ಇದ್ದರೆ ಯಾರೋ ಇದ್ದಾರೆಂದು ಕಾಯುತ್ತಲೇ ಇರುತ್ತಾರೆ. ಇದನ್ನು ಅವರು ನನಗೆ ಬಿಡಿಸಿ ಹೇಳಿದರು.

ಹೇಳಿದ್ದು ಸಾಲದೆಂದು ಕವಾಯತು ಶುರು ಮಾಡಿದರು. ಹೆದರಿದಾಗ ಬುದ್ಧಿ ಓಡುವುದಿಲ್ಲ, ಕೈಗೆ ತಾನೇ ಅಭ್ಯಾಸವಾಗಿರಬೇಕು ಎಂಬುದು ಅವರ ವಾದ. ತಪಾಸಣೆಗೆ ಬಂದವರು ಮೇಜಿನ ಮುಂದೆ ಸುಮ್ಮನೆ ಕೂತಿದ್ದು, ಇದ್ದಕ್ಕಿದ್ದಂತೆ "ಹಾವು" ಎಂದು ಕಿರುಚುತ್ತಿದ್ದರು. ನಾನು ಎರಡೂ ಕೈಯಿಂದ ಅಷ್ಟೂ ಪ್ಲಗ್ಗು ಬಾಚಿ ಕಿತ್ತು ಆಮೇಲೆ ಬಾಗಿಲಿಗೆ ಓಡಬೇಕು. ಮೊದಮೊದಲು ನಾನು ಬಾಗಿಲಿಗೆ ಓಡಿ ಆಮೇಲೆ ವಾಪಸ್ ಬಂದು ಕೀಳುತ್ತಿದ್ದೆ. ಅವರು ತಲೆಯಾಡಿಸಿ, ನೀನು ಸತ್ತೆ, ಲೈನೂ ಸತ್ತಿತು ಎನ್ನುತ್ತಿದ್ದರು. ಪಾಪ, ಪಿಳ್ಳಪ್ಪನಿಗೆ ಇದು ಕವಾಯತು ಎಂದು ಎಷ್ಟು ಹೇಳಿದರೂ ತಲೆಗೆ ಹತ್ತಲಿಲ್ಲ. ಪ್ರತಿ ಸಲವೂ ದೊಣ್ಣೆ ಹಿಡಿದು ನುಗ್ಗಿ ಬಂದು ಮೇಜಿನ ಕೆಳಗೆಲ್ಲ ಬಡಿಯುತ್ತಿದ್ದ. ಒಂದು ಸಲ ಸಾಹೇಬರ ಛತ್ರಿಗೇ ಬಿತ್ತು.

ಇಂಥ ಒಂದು ಕವಾಯತಿನಲ್ಲಿ ಮತ್ತೆ ನಂಜುಂಡಶೆಟ್ಟರೇ ಸಿಕ್ಕಿಕೊಂಡರು. ಅವರ ಮಗಳನ್ನು ಬೆಂಗಳೂರಿನವರು ನೋಡಿಕೊಂಡು ಹೋಗಿದ್ದರು. ಗಂಡಿನ ತಂದೆ ಅಂದು ಫೋನಿನಲ್ಲಿ ತೀರ್ಮಾನ ಹೇಳುತ್ತಿದ್ದರು. "ಹುಡುಗಿ ನಮಗೆಲ್ಲಾ ಒಪ್ಪಿಗೆ ಶೆಟ್ರೇ, ಆದ್ರೆ" ಎನ್ನುವಷ್ಟರಲ್ಲಿ ವರದರಾಜಯ್ಯನವರು ಹಾವು ಎಂದರು. ಅಷ್ಟು ಹೊತ್ತಿಗೆ ನನ್ನ ಕೈ ಪಳಗಿತ್ತು. ಎಲ್ಲ ಪ್ಲಗ್ಗೂ ಒಂದೇ ಏಟಿಗೆ ಬಂತು. ಭೇಷ್ ಎಂದು ಮೊದಲ ಸಲ ಅವರ ಬಾಯಿಂದ ಬಂತು. ನಾನು ಹಿಗ್ಗಿಹೋದೆ.

ಆ ಕಡೆ ಶೆಟ್ಟರ ಮನೆಯಲ್ಲಿ ಆ 'ಆದ್ರೆ' ಎಂಬುದು ಏನೆಂದು ಯೋಚಿಸಿ ಯೋಚಿಸಿ ಒಲೆ ಹಚ್ಚಲಿಲ್ಲ. ಹುಡುಗಿಯ ಬಣ್ಣವಿರಬೇಕು ಎಂದು ಅಜ್ಜಿ ಅತ್ತರು. ನಿಮ್ಮ ನಶ್ಯದ ಚಟವೇ ಇರಬೇಕು ಎಂದು ಹೆಂಡತಿ ಹೇಳಿದ್ದಕ್ಕೆ ಶೆಟ್ಟರು ನಶ್ಯದ ಡಬ್ಬಿಯನ್ನು ಬಾವಿಗೆ ಎಸೆದರು. ಎರಡು ದಿನ ಕಳೆದರೂ ಬೆಂಗಳೂರಿನಿಂದ ಕರೆ ಬರಲಿಲ್ಲ, ಹೆಣ್ಣಿನ ಕಡೆಯವರು ತಾವಾಗಿ ಕೇಳುವುದು ಹೇಗೆಂದು ಇವರೂ ಕರೆಯಲಿಲ್ಲ. ನಶ್ಯವಿಲ್ಲದ ಸಿಟ್ಟಿನಲ್ಲಿ ಶೆಟ್ಟರು, ಆದರೆ ಗೀದರೆ ಎನ್ನುವವರ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದು ಹೇಳಿಕಳಿಸಲು ಆಳನ್ನು ಬಸ್ ಸ್ಟ್ಯಾಂಡಿಗೆ ಅಟ್ಟಿದರು. ಪಿಳ್ಳಪ್ಪ ಅವನನ್ನು ದಾರಿಯಲ್ಲಿ ಕಂಡು ನನಗೆ ಬಂದು ಹೇಳಿದ. ನಾನು ಆ ಆಳು ಬಸ್ಸು ಹತ್ತದಂತೆ ತಡೆಯಲು ಪಿಳ್ಳಪ್ಪನನ್ನು ಓಡಿಸಿ, ಗಂಡಿನ ಕಡೆಯವರಿಗೆ ಕರೆ ಹಾಕಿದೆ. ಅವರು ಅಲ್ಲಿ ಉರಿಯುತ್ತಿದ್ದರು. ಒಂದು ಷರತ್ತು ಹೇಳುವುದರೊಳಗೆ ಮುಖದ ಮೇಲೆ ಫೋನಿಟ್ಟವರ ಸಂಬಂಧ ಬೇಡವೆಂದು ಅವರ ಮನೆಯಲ್ಲಿ ತೀರ್ಮಾನವಾಗುತ್ತಿತ್ತು. ಷರತ್ತು ಏನೆಂದು ಕೇಳಿದೆ. ಮದುವೆ ಊಟಕ್ಕೆ ಕಾಯಿ ಹೋಳಿಗೆ ಬೇಡ, ಬೇಳೆ ಹೋಳಿಗೆ ಇರಲಿ ಎಂಬುದಷ್ಟೇ.

ಮದುವೆ ನಡೆಯಿತು, ಹೋಳಿಗೆ ನಾನೂ ತಿಂದೆ. ಆದರೆ ಶೆಟ್ಟರು ವರದರಾಜಯ್ಯನವರನ್ನು ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಲ್ಲಿಸಿಕೊಂಡು ಉಗಿದದ್ದನ್ನು ಇಡೀ ಬೀದಿ ಕೇಳಿತು. ಅವರು ಛತ್ರಿಯ ತುದಿ ನೋಡುತ್ತಾ ನಿಂತಿದ್ದರು. ಆಮೇಲೆ ಒಳಗೆ ಬಂದು ರಟ್ಟಿನ ಮೇಲೆ ಮೂರನೆಯ ಸಾಲು ಬರೆದರು. ನಡುವೆ ಕಿತ್ತ ಕರೆ ಕರೆಯಲ್ಲ. ಆಪತ್ತು ಕಳೆದ ತಕ್ಷಣ ಆಪರೇಟರ್ ಎರಡೂ ಕಡೆಯವರನ್ನು ಕರೆದು, ಅರ್ಧದಲ್ಲಿ ಕೇಳಿದ್ದನ್ನು ಬಿಟ್ಟು ಮೊದಲಿನಿಂದ ಮಾತಾಡಿ ಎಂದು ಹೇಳಬೇಕು. ಬರೆದ ಮೇಲೆ, ಅನುಭವದ ಮೇಲೆ ಗೊತ್ತಾಗೋದು ಕಣಮ್ಮಾ ಎಂದು ಗೊಣಗಿದರು. ಅವರು ಸೋತಂತೆ ಮಾತಾಡಿದ್ದನ್ನು ನಾನು ಕೇಳಿದ್ದು ಆಗಲೇ.

ವರ್ಷ ತುಂಬುತ್ತಾ ಬಂತು. ಅಪ್ಪ ಊರಿನಿಂದ ಬರೆಸಿದ ಕಾಗದದಲ್ಲಿ ಮಾವ ಹೊಸ ಜೋಡಿ ಎತ್ತು ತಂದಿದ್ದಾನೆ ಎಂದಿತ್ತು. ಓದಿ ನನಗೆ ಜ್ವರ ಬಂದಂತಾಯಿತು. ಒಂದು ಬೆಳಿಗ್ಗೆ ವರದರಾಜಯ್ಯನವರು ಬಂದು ಮೂಲೆಯ ಮೇಜಿನ ಮುಂದೆ ಕೂತು, ಬೆಂಗಳೂರಿನ ದೊಡ್ಡ ಸಾಹೇಬರಿಗೆ ಒಂದು ಕಾಲ್ ಹಾಕಮ್ಮಾ ಎಂದರು. ಟೆಂಪರರಿಯವರ ಹಣೆಬರಹವನ್ನು ದೊಡ್ಡ ಸಾಹೇಬರಿಗೆ ಹೇಳುವ ದಿನ ಅದೆಂದು ನನಗೆ ಗೊತ್ತಿತ್ತು. ಮೊದಲು ಬೆಂಗಳೂರು ಕೇಳಿದೆ, ನಾಗರತ್ನ ಕೊಟ್ಟಳು, ಆಮೇಲೆ ನಮ್ಮ ಲೈನು ಹಿಡಿದು ಮೇಜಿನ ಫೋನಿಗೆ ಸೇರಿಸಿದೆ. ಅವರು ನನ್ನ ಕಡೆ ಬೆನ್ನು ತಿರುಗಿಸಿ, ಬಾಯಿಗೆ ಕೈ ಅಡ್ಡವಿಟ್ಟು ಮಾತಾಡತೊಡಗಿದರು. ಲೈನು ಸರಿಯಾಗಿ ಕೇಳಿಸುತ್ತಿದೆಯೇ ಎಂದು ಆಗಾಗ ನೋಡುವುದು ಆಪರೇಟರ್ ಕರ್ತವ್ಯ. ಆ ದಿನ ನಾನು ಕರ್ತವ್ಯವನ್ನು ಸ್ವಲ್ಪ ಹೆಚ್ಚಾಗಿಯೇ ಮಾಡಿದೆ.

"ಹಳೇಪೇಟೆ ಹುಡುಗಿ ಕೆಲ್ಸ ಮಾಡ್ತಾಳೆ ಸಾರ್, ಇಲ್ಲ ಅನ್ನಲ್ಲ. ಆದ್ರೆ ಬಲು ಹಟ. ಹೇಳಿದ್ ಮಾತು ಕೇಳೋ ಪೈಕಿ ಅಲ್ಲ. ದೂರು ಬೇರೆ ಬಂದಿದೆ. ಖಾಯಂ ಮಾಡೋದು ಬೇಡ ಸಾರ್, ಆ ಜಾಗಕ್ಕೆ ಬೇರೆ ಯಾರನ್ನಾದ್ರೂ..."

ಒಂದು ವರ್ಷ ಕಚ್ಚಿಸಿಕೊಂಡು, ಬೈಸಿಕೊಂಡು ದುಡಿದದ್ದು ಇಷ್ಟೇ ಏನು ಎಂದು ಹೊಟ್ಟೆ ಉರಿಯಿತು. ಅಳು ಬರುತ್ತಿತ್ತು, ಅಳುವುದಕ್ಕಿಂತ ಹೆಚ್ಚಾಗಿ ಎದ್ದು ಹೋಗಿ ಆ ಛತ್ರಿಯನ್ನು ಮುರಿಯಬೇಕೆನ್ನಿಸಿತು. ಆಗ ಅವರು "ಹಾವು" ಎಂದು ಕಿರುಚಿದರು.

ನಾನು ಯೋಚಿಸಲಿಲ್ಲ. ತಿರುಗಿಯೂ ನೋಡಲಿಲ್ಲ. ಎರಡು ಕೈಯಿಂದ ಬಾಚಿ ಅಷ್ಟೂ ಪ್ಲಗ್ಗು ಕಿತ್ತೆ, ಅವರ ಕರೆಯದನ್ನು ಮಿಕ್ಕವಕ್ಕಿಂತ ಸ್ವಲ್ಪ ಜೋರಾಗಿಯೇ ಕಿತ್ತಿರಬೇಕು. ಎದ್ದು ಬಾಗಿಲಿನವರೆಗೆ ಹೋಗಿ, ಕವಾಯತು ಮುಗಿಯಿತೆಂದು ತಿರುಗಿ ನಿಂತು ನೋಡಿದರೆ ವರದರಾಜಯ್ಯನವರು ಮೇಜಿನ ಮೇಲೆ ನಿಂತಿದ್ದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೈಯಲ್ಲಿ ಸತ್ತ ಫೋನು. ಅವರು ಕೂತಿದ್ದ ಕುರ್ಚಿಯ ಮೇಲೆ, ಹೆಂಚಿನ ಸಂದಿಯಿಂದ ಇಲಿಯ ಜೊತೆ ಬಿದ್ದ ಒಂದು ಮಾರುದ್ದದ ಕೇರೆಹಾವು ಸುತ್ತಿಕೊಂಡು ತಾನೂ ಗಾಬರಿಯಾಗಿ ನೋಡುತ್ತಿತ್ತು.

ಅಂದು ಒಂದು ದಿನ ಮಾತ್ರ ಪಿಳ್ಳಪ್ಪ ಬರಲಿಲ್ಲ. ಕವಾಯತೆಂಬುದು ಕೊನೆಗೂ ಅವನ ತಲೆಗೆ ಹತ್ತಿತ್ತು, ಹೊರಗೆ ಕೂತು ಬೀಡಿ ಸೇದುತ್ತಿದ್ದ. ನಾನು ಹೋಗಿ ಕೈ ಹಿಡಿದು ಎಳೆದುಕೊಂಡು ಬಂದೆ. ಅವನು ದೊಣ್ಣೆಯ ತುದಿಯಿಂದ ಹಾವನ್ನು ಎತ್ತಿ ಹಿಪ್ಪುನೇರಳೆ ತೋಟಕ್ಕೆ ಬಿಟ್ಟು ಬಂದ. ವರದರಾಜಯ್ಯನವರು ಮೇಜಿನಿಂದ ಇನ್ನೂ ಇಳಿದಿರಲಿಲ್ಲ. ನಾನು ಕುರ್ಚಿಗೆ ವಾಪಸ್ ಬಂದು ಕೂತೆ. ಮುಂದೆ ಏನು ಮಾಡಬೇಕೆಂದು ರಟ್ಟಿನ ಮೂರನೆಯ ಸಾಲಿನಲ್ಲಿ ಅವರೇ ಬರೆದಿದ್ದರು. ಬೆಂಗಳೂರು ಕೇಳಿ, ದೊಡ್ಡ ಸಾಹೇಬರನ್ನು ಹಿಡಿದು, ಅವರಿಗೆ ಹೇಳಿದೆ: ಹಾವು ಬಿದ್ದು ಕಾಲ್ ಅರ್ಧಕ್ಕೆ ನಿಂತಿತು ಸಾರ್, ಅರ್ಧ ಕೇಳಿದ್ದನ್ನು ಬಿಟ್ಟುಬಿಡಬೇಕು, ಮೊದಲಿನಿಂದ ಮಾತಾಡಬೇಕು. ಆಮೇಲೆ ಮೇಜಿನ ಕಡೆ ತಿರುಗಿ ವರದರಾಜಯ್ಯನವರಿಗೂ ಅದೇ ಮಾತನ್ನು ಅದೇ ಧ್ವನಿಯಲ್ಲಿ ಹೇಳಿದೆ. ನನ್ನ ಮುಖ ನೋಡಿದರೆ ನಾನು ಎಲ್ಲ ಕೇಳಿಸಿಕೊಂಡಿದ್ದೇನೆಂದು ಯಾರಿಗಾದರೂ ತಿಳಿಯುತ್ತಿತ್ತು.

ಅವರು ಮೆಲ್ಲಗೆ ಇಳಿದರು. ಚಪ್ಪಲಿ ಹುಡುಕಿ ಹಾಕಿಕೊಂಡರು. ಬೋರ್ಡನ್ನು ನೋಡಿದರು, ಕಿತ್ತ ಪ್ಲಗ್ಗುಗಳೆಲ್ಲ ಸಾಲಾಗಿ ನೇತಾಡುತ್ತಿದ್ದವು. ರಟ್ಟನ್ನೂ ನೋಡಿದರು. ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ನಿಂತೇ ಫೋನೆತ್ತಿಕೊಂಡರು. ಈ ಸಲ ಬೆನ್ನು ತಿರುಗಿಸಲಿಲ್ಲ.

"ಸಾರ್, ನಾನು ವರದರಾಜಯ್ಯ. ಹಳೇಪೇಟೆ ಆಪರೇಟರ್ ವಿಚಾರ. ಹುಡುಗಿ ಹೇಳಿದ್ದನ್ನ ಹೇಳಿದ್ ಹಾಗೇ ಮಾಡ್ತಾಳೆ ಸಾರ್. ನಾನು ಮೇಜು ಹತ್ತಿದ್ದಾಗ ಅವಳು ಪ್ಲಗ್ಗು ಕೀಳ್ತಿದ್ಲು. ಖಾಯಂ ಮಾಡ್ಬೇಕು."

ದೊಡ್ಡ ಸಾಹೇಬರು ಕೇಳಿದರು: "ಏನ್ರೀ ಇದು, ಈಗ ತಾನೇ ಬೇಡ ಅಂದ್ರಲ್ರೀ?"

"ಅದು ಅರ್ಧ ಕಾಲ್ ಸಾರ್. ಲೆಕ್ಕಕ್ಕಿಲ್ಲ" ಎಂದರು ವರದರಾಜಯ್ಯನವರು.

ಆಮೇಲೆ ಬೇರೆ ಏನೇನೋ ಮಾತಾಡಿದರು. ನನ್ನ ಕಿವಿಗೆ ಏನೂ ಹೋಗಲಿಲ್ಲ. ಅವರು ಫೋನಿಟ್ಟು, ಮುಗೀತಮ್ಮಾ ಎಂದು ನನಗೆ ಹೇಳಿ, ಛತ್ರಿ ತೆಗೆದುಕೊಂಡು ಬಸ್ಸಿಗೆ ಹೊರಟರು. ಬೋರ್ಡಿನ ಮುಂದೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ತಲೆಯ ಮೇಲಿನ ಹೆಡ್‌ಫೋನಿನಿಂದ, ಎಲ್ಲವನ್ನೂ ಕೇಳಿಸಿಕೊಂಡಿದ್ದ ನಾಗರತ್ನಳ ಧ್ವನಿ ಬಂತು.

"ಖಾಯಂ ಆಯ್ತಲ್ಲೇ ಮುನಿಲಕ್ಷ್ಮಿ, ಇನ್ನಾದ್ರೂ ಪ್ಲಗ್ಗು ಕೀಳೇ. ಇಲ್ಲಿ ಜನ ಕಾಯ್ತಾವ್ರೆ."